ಮೊದಲ ದಿನ ಸೂಜಿ ಇಲ್ಲ

ನಾನು ಈಗ ಕೆಲಸ ಮಾಡುವ ಕ್ಲಿನಿಕ್ಕಿಗೆ ಇಪ್ಪತ್ತೈದರ ಹುಡುಗಿಯರು ಊಟದ ಬಿಡುವಿನಲ್ಲಿ ಬಂದು, ಸೂಜಿಯಿಂದ ಕೆನ್ನೆ ತುಂಬಿಸಿಕೊಂಡು, ಮಧ್ಯಾಹ್ನದ ಮೀಟಿಂಗಿಗೆ ವಾಪಸ್ಸು ಹೋಗಿಬಿಡುತ್ತಾರೆ. ಅವರಿಂದ ಫಾರ್ಮಿಗೆ ಸಹಿ ಹಾಕಿಸಿಕೊಳ್ಳುವವಳು ನಾನೇ. ಹಾಗೆ ಹಾಕಿಸಿಕೊಳ್ಳುವಾಗಲೆಲ್ಲ ಬೆನ್ನ ಹಿಂದೆ ಯಾರೋ ನಿಂತು ಗೊಣಗಿದ ಹಾಗಾಗುತ್ತದೆ. ಗೊಣಗುವವರು ನಾನು ಮೊದಲು ಕೆಲಸ ಮಾಡುತ್ತಿದ್ದ ಕ್ಲಿನಿಕ್ಕಿನ ಡಾಕ್ಟರಮ್ಮ. ಬದುಕಿದ್ದಾರೆ, ಗಟ್ಟಿಮುಟ್ಟಾಗಿಯೇ ಇದ್ದಾರೆ. ಕಳೆದ ವರ್ಷ ತಮ್ಮ ಕ್ಲಿನಿಕ್ ಮುಚ್ಚಿ ಇಲ್ಲೇ ಅಮೆರಿಕದ ಕೊಲಂಬಿಯಾ ಎಂಬ ಊರಿನಲ್ಲಿ ಮಗನ ಮನೆಯ ಹತ್ತಿರ ಹೋಗಿ ನೆಲೆಸಿದ್ದಾರೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಬೈಯುತ್ತಾರೆ ಎನ್ನುವುದು ಒಂದು ಕಾರಣ. ಅವರಿಗೇ ಯಾರ ಹೆಸರೂ ನೆನಪಿರುತ್ತಿರಲಿಲ್ಲ ಎನ್ನುವುದು ಇನ್ನೊಂದು.

ಹೆಸರು ನೆನಪಿರುತ್ತಿರಲಿಲ್ಲ, ಮುಖ ಮಾತ್ರ ಮರೆಯುತ್ತಿರಲಿಲ್ಲ. ಒಳಗಿನಿಂದ ಕೂಗಿ, ಎಡಗೆನ್ನೆ ಚಪ್ಪಟೆ ಬಂದಳಾ ಎಂದು ಕೇಳುತ್ತಿದ್ದರು. ಎಡಗೆನ್ನೆ ಚಪ್ಪಟೆ ಅಂದರೆ ಯಾವ ಅಪಾಯಿಂಟ್‌ಮೆಂಟು ಎಂದು ಪಟ್ಟಿಯಲ್ಲಿ ಹುಡುಕುವುದು ನನ್ನ ಕೆಲಸ. ಮೊದಲ ತಿಂಗಳು ಅತ್ತುಬಿಡುವ ಹಾಗಾಗಿತ್ತು. ಆಮೇಲೆ ನಾನೂ ಕಲಿತೆ. ಗಲ್ಲ ಹಿಂದಕ್ಕೆ ಸರಿದವರು ಯಾರು, ಹುಬ್ಬಿನ ಪಕ್ಕ ಗುಳಿ ಬಿದ್ದವರು ಯಾರು ಎಂದು ಫೈಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದೆ.

ಚರ್ಮದ ಡಾಕ್ಟರು. ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಾಲ್ಕು ಕೋಣೆಯ ಕ್ಲಿನಿಕ್. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿ ಬೆಳೆದವರು, ನಾನು ಒಂಟಿಕೊಪ್ಪಲಿನವಳು. ಕೊರೊನಾ ಸ್ವಲ್ಪ ಇಳಿದು ಎಲ್ಲರೂ ಮತ್ತೆ ಹೊರಗೆ ಬರತೊಡಗಿದ್ದ ಕಾಲದಲ್ಲಿ ನಾನು ಅಲ್ಲಿ ಮುಂದಿನ ಮೇಜಿನ ರಿಸೆಪ್ಷನಿಸ್ಟ್ ಕೆಲಸ ಕೇಳಿಕೊಂಡು ಹೋದೆ. ಇನ್ಶೂರೆನ್ಸ್ ಗೊತ್ತಾ, ಕಂಪ್ಯೂಟರ್ ಗೊತ್ತಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿ ನನ್ನ ಮುಖವನ್ನು ನೋಡತೊಡಗಿದರು. ತೂಕಕ್ಕೆ ಇಟ್ಟ ತರಕಾರಿ ನೋಡುವ ಹಾಗೆ ನೋಡಿ, ಕನ್ನಡದಲ್ಲಿ ಹೇಳಿದರು. "ನೀವು ಬಲಗಡೆ ಮಗ್ಗುಲಿಗೇ ಮಲಗ್ತೀರಿ ಅಲ್ವಾ? ಆ ಕಡೆ ಗೆರೆ ಜಾಸ್ತಿ ಇದೆ. ಸೋಮವಾರದಿಂದ ಬನ್ನಿ." ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ನಿಜವಾಗಿಯೂ ಜಾಸ್ತಿ ಇತ್ತು. ಐವತ್ತು ವರ್ಷ ನಾನೇ ತೊಳೆದು ಒರೆಸಿಕೊಂಡ ಮುಖದಲ್ಲಿ ನನಗೆ ಕಾಣದ್ದು ಅವರಿಗೆ ಐದು ನಿಮಿಷದಲ್ಲಿ ಹೇಗೆ ಕಂಡಿತು ಎನ್ನುವ ಕುತೂಹಲ ಆ ದಿನ ಹುಟ್ಟಿದ್ದು ಇವತ್ತಿನವರೆಗೂ ಹೋಗಿಲ್ಲ.

ಅವರ ತಂದೆ ಫೋಟೋ ಸ್ಟುಡಿಯೋದಲ್ಲಿ ರೀಟಚ್ ಮಾಡುವವರಾಗಿದ್ದರಂತೆ. ಆ ಕಾಲದ ನೆಗೆಟಿವ್‌ನ ಮೇಲೆ ಚೂಪು ಮಾಡಿದ ಪೆನ್ಸಿಲಿನಿಂದ ಸಣ್ಣ ಸಣ್ಣ ಗೆರೆ ಎಳೆದರೆ, ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗೆ ಬಂದು ಕೆನ್ನೆಯ ಗುಳಿ ತುಂಬಿಕೊಳ್ಳುತ್ತಿತ್ತು. ಗಂಡಿನ ಮನೆಗೆ ಕಳಿಸುವ ಫೋಟೋಗಳಿಗೆ ಈ ಸೇವೆ ಕಡ್ಡಾಯ. ಶಾಲೆ ಬಿಟ್ಟ ಮೇಲೆ ಇವರು ತಮ್ಮ ಅಬ್ಬಾನ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಜಾಸ್ತಿ ತುಂಬಿದರೆ ಹುಡುಗಿಯ ತಾಯಿಯೇ ಬಂದು, ಇದು ನಮ್ಮ ಮಗಳಲ್ಲ ಎಂದು ಜಗಳ ತೆಗೆಯುತ್ತಿದ್ದಳಂತೆ. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ನನಗೆ ಮೆಡಿಕಲ್ ಕಾಲೇಜು ಕಲಿಸಲಿಲ್ಲ, ಅಬ್ಬಾನ ಪೆನ್ಸಿಲ್ ಕಲಿಸಿತು ಎಂದು ಹೇಳಿ ನಗುತ್ತಿದ್ದರು.

ನಮ್ಮಲ್ಲಿ ಬರುತ್ತಿದ್ದವರಲ್ಲಿ ಅರ್ಧ ಜನ ಮೊಡವೆ, ತುರಿಕೆ, ಮಚ್ಚೆಯವರು. ಉಳಿದ ಅರ್ಧ ಮುಖ ಇಳಿದುಹೋಗಿದೆ ಎಂದು ಬರುವವರು. ಆಶ್ಚರ್ಯವೆಂದರೆ ಇವರಲ್ಲಿ ಬಹಳಷ್ಟು ಜನಕ್ಕೆ ಮೂವತ್ತೂ ಆಗಿರುತ್ತಿರಲಿಲ್ಲ. ವರ್ಷವಿಡೀ ವಿಡಿಯೋ ಕಾಲ್‌ಗಳಲ್ಲಿ ತಮ್ಮ ಮುಖವನ್ನೇ ನೋಡಿ ನೋಡಿ ಬೇಸತ್ತವರು. ಕೆಲವರು ಇಂಜೆಕ್ಷನ್ ತೆಗೆದುಕೊಂಡು ಬೇಗ ತೂಕ ಇಳಿಸಿದವರು, ಕೆಲವರು ಅತಿಯಾಗಿ ಓಡುವವರು, ಕೆಲವರದು ಮನೆತನದಿಂದಲೇ ಬಂದ ಒಣಕಲು ಕೆನ್ನೆ. ಯಾರೇ ಆಗಲಿ, ಎಷ್ಟು ದೂರದಿಂದಲೇ ಬರಲಿ, ಮೊದಲ ದಿನ ಸೂಜಿ ಇಲ್ಲ. ಇದು ಡಾಕ್ಟರ ನಿಯಮ. ಫೋನ್ ಮಾಡಿದಾಗಲೇ ನಾನು ಇದನ್ನು ಹೇಳಬೇಕಿತ್ತು, ಅರ್ಧ ಜನ ಅಲ್ಲೇ ಫೋನ್ ಇಟ್ಟುಬಿಡುತ್ತಿದ್ದರು.

ಮೊದಲ ದಿನ ಏನು ಮಾಡುತ್ತಿದ್ದರು ಎಂದರೆ, ನೋಡುತ್ತಿದ್ದರು. ಮೇಲಿನ ದೀಪ ಆರಿಸಿ ಕಿಟಕಿಯ ಪರದೆ ಸರಿಸುತ್ತಿದ್ದರು. ಮಲಗಿಸಿ ನೋಡಿ, ಕೂರಿಸಿ ನೋಡಿ, ಊಟ ಏನು ಮಾಡಿದೆ ಎಂದು ಮಾತಿಗೆಳೆದು ಮಾತಾಡುವಾಗ ನೋಡುತ್ತಿದ್ದರು. ಥೈರಾಯ್ಡ್ ಉಂಟಾ, ಹಲ್ಲು ಕೀಳಿಸಿದ್ದೀಯಾ, ನಿದ್ದೆ ಹೇಗೆ, ತೂಕ ನಿಂತಿದೆಯಾ ಇನ್ನೂ ಇಳಿಯುತ್ತಿದೆಯಾ ಎಂದು ಪೊಲೀಸರ ಹಾಗೆ ಪ್ರಶ್ನೆ. ಐದು ವರ್ಷ ಹಿಂದಿನ ಫೋಟೋ ತರಬೇಕು. ಅದೂ ಸೆಲ್ಫಿ ಆಗಬಾರದು, ಆರಡಿ ದೂರದಿಂದ ಬೇರೆಯವರು ತೆಗೆದದ್ದಾಗಬೇಕು. ಹತ್ತಿರದಿಂದ ತೆಗೆದರೆ ಮೂಗು ಮುಂದೆ ಬಂದು ಕೆನ್ನೆ ಹಿಂದೆ ಹೋಗುತ್ತದೆ, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ ಎನ್ನುತ್ತಿದ್ದರು.

ಒಮ್ಮೆ ಬೆಂಗಳೂರಿನ ಹುಡುಗನೊಬ್ಬ ಬಂದಿದ್ದ. ಕೆಲಸ ಹೋದರೆ ದೇಶ ಬಿಡಬೇಕಾದ ವೀಸಾದ ಮೇಲಿದ್ದವನು, ಇನ್ನೂ ಇಪ್ಪತ್ತೆಂಟು. ಕಾಲ್‌ಗಳಲ್ಲಿ ತನ್ನ ಕಣ್ಣು ಗುಂಡಿಗೆ ಬಿದ್ದ ಹಾಗೆ ಕಾಣುತ್ತದೆ, ಮ್ಯಾನೇಜರ್ ದಿನಾ ಮೈ ಸರಿ ಇದೆಯಾ ಎಂದು ಕೇಳುತ್ತಾನೆ, ಹೀಗೇ ಆದರೆ ಪ್ರಾಜೆಕ್ಟಿನಿಂದ ತೆಗೆಯುತ್ತಾರೆ ಎಂದು ಹೆದರಿದ್ದ. ಡಾಕ್ಟರು ಅವನು ಕೂತು ಕೆಲಸ ಮಾಡುವ ಜಾಗದ ಫೋಟೋ ಕೇಳಿದರು. ಬೇಸ್‌ಮೆಂಟು, ನೆತ್ತಿಯ ಮೇಲೆ ನೇರವಾಗಿ ಒಂದೇ ದೀಪ. ಕೋಣೆ ಕತ್ತಲು ಮಾಡಿ, ಅವನ ಕೈಗೆ ಕನ್ನಡಿ ಕೊಟ್ಟು, ಟಾರ್ಚನ್ನು ಅವನ ನೆತ್ತಿಯ ಮೇಲೆ ಹಿಡಿದರು. ಗುಂಡಿಗಳು ಬಿದ್ದವು. ಟಾರ್ಚನ್ನು ಮುಂದೆ ತಂದರು, ಗುಂಡಿಗಳು ಹೋದವು. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ರಜೆ ಹಾಕಿ ಬಂದದ್ದಕ್ಕೆ ಏನಾದರೂ ಮಾಡಿ ಎಂದು ಗೋಗರೆದ. ಮೇಜು ಕಿಟಕಿ ಕಡೆ ತಿರುಗಿಸು, ಅಷ್ಟೇ ಮಾಡು ಎಂದು ಕಳಿಸಿದರು. ಎರಡು ವಾರದ ಮೇಲೆ ಕಿಟಕಿಯ ಮುಂದೆ ಕೂತ ಫೋಟೋ ಕಳಿಸಿದ. ಡಾಕ್ಟರು ಅದನ್ನು ನನಗೆ ತೋರಿಸಿಕೊಂಡು ಇಡೀ ದಿನ ಹಿಗ್ಗುತ್ತಿದ್ದರು.

ಹಾಗೆಂದು ಅವರು ಎಲ್ಲರನ್ನೂ ವಾಪಸ್ಸು ಕಳಿಸುತ್ತಿದ್ದರು ಎಂದುಕೊಳ್ಳಬೇಡಿ. ಮುಖ ತುಂಬುವ ಕೆಲಸದಲ್ಲಿ ಅವರಿಗೆ ಅಪಾರ ಆಸಕ್ತಿಯಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ ನನಗೆ ಪಾಠ ಮಾಡುತ್ತಿದ್ದರು. ಮುಖದ ಕೊಬ್ಬು ಒಂದೇ ಹಾಳೆಯಲ್ಲ, ಸಣ್ಣ ಸಣ್ಣ ದಿಂಬುಗಳನ್ನು ಜೋಡಿಸಿದ ಹಾಗಿದೆ. ಯಾವ ದಿಂಬು ಸೊರಗಿದೆ ಎಂದು ತಿಳಿಯದೆ ತುಂಬಿದರೆ ಮುಖ ಬನ್ನಿನ ಹಾಗಾಗುತ್ತದೆ. ತುಂಬಲು ಒಂದು ಬಗೆಯ ಜೆಲ್ ಇದೆ. ಕೂಡಲೇ ಕಾಣುತ್ತದೆ, ತಿಂಗಳುಗಟ್ಟಲೆ ಇದ್ದು ಕರಗುತ್ತದೆ, ಕೆಟ್ಟರೆ ಇನ್ನೊಂದು ಇಂಜೆಕ್ಷನ್ ಕೊಟ್ಟು ಕರಗಿಸಲೂಬಹುದು. ಇನ್ನೊಂದು ಬಗೆಯದು ಚರ್ಮವೇ ಒಳಗಿನಿಂದ ನಿಧಾನವಾಗಿ ಗಟ್ಟಿಯಾಗುವ ಹಾಗೆ ಮಾಡುತ್ತದೆ. ಅದಕ್ಕೆ ಮೂರ್ನಾಲ್ಕು ಸಲ ಬರಬೇಕು, ತಿಂಗಳುಗಳು ಕಾಯಬೇಕು, ಬೇಡವೆಂದರೆ ಹಿಂದಕ್ಕೆ ತೆಗೆಯಲಾಗದು. ಮೂರನೆಯದು ನಮ್ಮದೇ ಹೊಟ್ಟೆಯ ಕೊಬ್ಬನ್ನು ತೆಗೆದು ಕೆನ್ನೆಗೆ ಇಡುವುದು. ಅದು ಆಪರೇಷನ್, ಅವರು ಮಾಡುತ್ತಿರಲಿಲ್ಲ, ಬೇರೆ ಕಡೆ ಕಳಿಸುತ್ತಿದ್ದರು. ಇದನ್ನು ಕೇಳಿದ ದಿನ ನಾನು ನನ್ನ ಹೊಟ್ಟೆ ನೋಡಿಕೊಂಡು, ಇಡೀ ವರ್ಜೀನಿಯಾಕ್ಕೆ ಸಾಕಾಗುವಷ್ಟಿದೆ ಡಾಕ್ಟ್ರೇ ಎಂದೆ. ತುತ್ತು ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ನಕ್ಕರು.

ನಗು ಅಪರೂಪ, ಸಿಡುಕು ದಿನನಿತ್ಯದ್ದು. ಟ್ರೇಯಲ್ಲಿ ಹತ್ತಿ ಎಡಕ್ಕಿರಬೇಕಾದದ್ದು ಬಲಕ್ಕಿದ್ದರೆ ನರ್ಸ್ ಹುಡುಗಿಗೆ ಸಹಸ್ರನಾಮ. ರಂಜಾನ್ ತಿಂಗಳಿನಲ್ಲಿ ಸೂಜಿಯ ಕೆಲಸವೆಲ್ಲ ಬೆಳಗ್ಗೆ ಹನ್ನೊಂದರೊಳಗೆ ಮುಗಿಯಬೇಕು, ಉಪವಾಸದ ಕೈ ಮಧ್ಯಾಹ್ನದ ಮೇಲೆ ತಮ್ಮ ಮಾತು ಕೇಳುವುದಿಲ್ಲ ಎನ್ನುತ್ತಿದ್ದರು. ಸೂಜಿ ಹಾಕುವಾಗ ಮಾತ್ರ ಅವರು ಬೇರೆಯೇ ವ್ಯಕ್ತಿ. ಉಸಿರೂ ಕೇಳಿಸುತ್ತಿರಲಿಲ್ಲ. ಒಂದು ಹನಿ ಹಾಕಿ ನಿಂತು, ಚರ್ಮ ಬಿಳಿಚಿಕೊಂಡಿತೇ ಎಂದು ನೋಡುತ್ತಿದ್ದರು. ಜೆಲ್ ಅಪ್ಪಿತಪ್ಪಿ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಬಹಳ ಅಪರೂಪಕ್ಕೆ ಕಣ್ಣೂ ಹೋಗಬಹುದು. ಇದನ್ನು ಫಾರ್ಮಿನಲ್ಲಿ ಸಣ್ಣಕ್ಷರದಲ್ಲಿ ಬಿಡದೆ ಬಾಯಲ್ಲೇ ಹೇಳುತ್ತಿದ್ದರು, ಕೇಳಿದವರು ಬೆವರುವವರೆಗೂ ಹೇಳುತ್ತಿದ್ದರು.

ಅಟ್ಲಾಂಟಾದಿಂದ ಒಬ್ಬಳು ಬಂದಿದ್ದಳು, ಇಲ್ಲಿರುವ ಅಕ್ಕನ ಜೊತೆಗೆ. ಯಾವುದೋ ಊರಿನಲ್ಲಿ ಒಂದೇ ವರ್ಷದಲ್ಲಿ ಮತ್ತೆ ಮತ್ತೆ ತುಂಬಿಸಿಕೊಂಡು, ನಕ್ಕರೆ ಕಣ್ಣು ಮುಚ್ಚಿಹೋಗುವ ಹಾಗಾಗಿತ್ತು. ಪುಣ್ಯಕ್ಕೆ ಅದು ಕರಗಿಸಬಹುದಾದ ಜೆಲ್. ಎರಡು ಸಲ ಕರೆಸಿ ಕರಗಿಸಿದರು. ತನ್ನ ನಿಜವಾದ ಮುಖ ಹೇಗಿತ್ತು ಅನ್ನುವುದೇ ಮರೆತುಹೋಗಿದೆ ಎಂದು ಅವಳು ಅತ್ತಾಗ ಡಾಕ್ಟರು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತರು. ಎಲ್ಲೂ ಹೋಗಿಲ್ಲಮ್ಮ, ಕೆಳಗೇ ಇದೆ, ಬರುತ್ತೆ ಎಂದು ಅವಳ ಮೊಣಕೈ ತಟ್ಟುತ್ತ ಅರ್ಧ ಗಂಟೆ ಕೂತಿದ್ದರು. ಹೊರಗೆ ಮೂರು ಜನ ಕಾಯುತ್ತಿದ್ದರು.

ಇಷ್ಟೆಲ್ಲ ಮಾಡುವವರ ಮುಖ ಹೇಗಿತ್ತು? ಕೆನ್ನೆ ಒಳಕ್ಕೆ, ಕಣ್ಣ ಕೆಳಗೆ ಚೀಲ. ತಾವೇಕೆ ಏನೂ ಮಾಡಿಕೊಂಡಿಲ್ಲ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ. ದಿನವೆಲ್ಲ ನಿಮ್ಮ ಮುಖಗಳನ್ನೇ ನೋಡುತ್ತೇನೆ, ನನ್ನದು ನೋಡಲು ಪುರಸೊತ್ತೆಲ್ಲಿದೆ ಎಂದರು. ನಿಜ ಹೇಳಿದರೋ ತೇಲಿಸಿದರೋ ಇವತ್ತಿಗೂ ಗೊತ್ತಿಲ್ಲ.

ಇನ್ನು ನನ್ನ ವಿಷಯಕ್ಕೆ ಬರಬೇಕು, ಏಕೆಂದರೆ ಅವರನ್ನು ನಾನು ಸರಿಯಾಗಿ ಅರಿತದ್ದು ನನ್ನ ಮಗಳಿಂದ.

ಅವಳು ಫೇರ್‌ಫ್ಯಾಕ್ಸ್‌ನಲ್ಲಿ ಹುಟ್ಟಿ ಬೆಳೆದವಳು. ಓದು ಮುಗಿದ ಕೂಡಲೇ ಏಪೆಕ್ಸ್ ಎಂಬ ಊರಿನ ಔಷಧ ಕಂಪನಿಯೊಂದರಲ್ಲಿ ಡೇಟಾ ಕೆಲಸ ಸಿಕ್ಕಿ ಹೋದಳು. ಹೋದ ಎರಡು ತಿಂಗಳಿಗೇ ಕೊರೊನಾ ಬಂದು ಎಲ್ಲ ಮುಚ್ಚಿತು. ಅಲ್ಲಿ ಓಡುವ ಅಭ್ಯಾಸ ಮಾಡಿಕೊಂಡಳು. ಮೊದಲು ಮೂರು ಮೈಲಿ, ಆಮೇಲೆ ಹತ್ತು, ಆಮೇಲೆ ಮ್ಯಾರಥಾನ್. ದುಂಡು ಮುಖದ ಹುಡುಗಿ, ನೋಡನೋಡುತ್ತ ಕೆನ್ನೆ ಇಳಿದುಹೋಯಿತು. ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ಅವಳ ಮುಖ ಕಂಡ ಕೂಡಲೇ ನನ್ನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: ಎಷ್ಟು ಸೊರಗಿಹೋಗಿದ್ದೀಯೇ. ನಮ್ಮಲ್ಲಿ ಇದು ಮಾತೇ ಅಲ್ಲ, ಬಾಗಿಲು ತೆಗೆಯುವ ಕ್ರಮ. ಹತ್ತು ಕಿಲೋ ಹೆಚ್ಚಿಸಿಕೊಂಡು ಮೈಸೂರಿಗೆ ಹೋದರೂ ನಮ್ಮಮ್ಮ ನನಗೆ ಇದನ್ನೇ ಹೇಳುತ್ತಿದ್ದರು, ನಾನು ಖುಷಿಯಿಂದ ಒಳಗೆ ಹೋಗಿ ಊಟಕ್ಕೆ ಕೂರುತ್ತಿದ್ದೆ.

ಒಂದು ದಿನ ಮಗಳು ಫೋನ್ ಮಾಡಿ, ಅಮ್ಮ, ನಿಮ್ಮ ಡಾಕ್ಟರ್ ಹತ್ತಿರ ನನಗೆ ಅಪಾಯಿಂಟ್‌ಮೆಂಟ್ ಬೇಕು, ಚೀಕ್ಸ್‌ಗೆ ಎಂದಳು. ಬೇರೆಯವರ ಮಕ್ಕಳಿಂದ ಸಹಿ ಹಾಕಿಸಿಕೊಳ್ಳುವಾಗ ಇಲ್ಲದ ಭಯವೆಲ್ಲ ಒಟ್ಟಿಗೇ ಬಂತು. ಚರ್ಮ ಸಾಯುವುದು, ಕಣ್ಣು ಹೋಗುವುದು, ಅಟ್ಲಾಂಟಾದ ಆ ಹುಡುಗಿ. ಬೇಡ ಎಂದರೆ ಬೇರೆ ಕಡೆ ಹೋಗುತ್ತಾಳೆ. ಹಾಗಾಗಿ ಹೂಂ ಎಂದೆ, ಮಾರನೇ ದಿನ ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

"ನೀವು ಬೇಡ ಅಂದ್ಬಿಡಿ ಡಾಕ್ಟ್ರೇ. ನೀವು ಹೇಳಿದ್ರೆ ಕೇಳ್ತಾಳೆ."

"ನೋಡದೆ ಹೇಗ್ರೀ ಹೇಳ್ಲಿ?"

"ಎಷ್ಟು ಜನಕ್ಕೆ ಹೇಳಿಲ್ಲ ನೀವು?"

"ಅವರನ್ನೆಲ್ಲ ನೋಡಿ ಹೇಳಿದ್ದು" ಎಂದು ಕನ್ನಡಕ ಒರೆಸಿಕೊಳ್ಳತೊಡಗಿದರು. ಅಂದರೆ ನಾನು ಎದ್ದು ಹೋಗಬೇಕು ಎಂದರ್ಥ. ಆದರೂ ನನ್ನ ಭಯ ಇಳಿದಿತ್ತು. ಖಂಡಿತ ವಾಪಸ್ಸು ಕಳಿಸುತ್ತಾರೆ ಎಂದುಕೊಂಡೆ.

ಮಗಳು ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದಳು. ತಾಯಂದಿರು ಹೊರಗೆ ಎನ್ನುವುದು ಅಲ್ಲಿಯ ಇನ್ನೊಂದು ನಿಯಮ. ನಾನು ಹೊರಟಾಗ ಮಗಳೇ ತಡೆದು, ಅಮ್ಮ ಇರಲಿ ಎಂದಳು. ಡಾಕ್ಟರು ಕಿಟಕಿಯ ಬೆಳಕಿನಲ್ಲಿ ಅವಳನ್ನು ಅತ್ತ ಇತ್ತ ತಿರುಗಿಸಿ ನೋಡಿದರು, ಬೆರಳಿಂದ ಒತ್ತಿ ನೋಡಿದರು, ಅಪ್ಪನ ಜೊತೆಗಿದ್ದ ಹಳೆಯ ಫೋಟೋ ನೋಡಿದರು. ಗುಳಿ ನಿಜವಾಗಿಯೂ ಇದೆ ಎಂದರು. ಕೆನ್ನೆಯ ನಡುವೆ ಇದೆ, ಹುಬ್ಬಿನ ಪಕ್ಕದಲ್ಲೂ ಸ್ವಲ್ಪ ಇದೆ, ಅಪ್ಪನ ಮುಖದ ಕಟ್ಟು, ಓಟ ಅದನ್ನು ಬೇಗ ಹೊರಗೆ ತಂದಿದೆ. ತೂಕ ಎರಡು ವರ್ಷದಿಂದ ಒಂದೇ ಕಡೆ ನಿಂತಿದೆ. ರಕ್ತ ಪರೀಕ್ಷೆ ಸರಿ ಇದೆ. ಸೂಜಿಯ ಕಡೆಗೆ ಒಂದೊಂದೇ ಬಾಗಿಲು ತೆರೆಯುತ್ತಿತ್ತು.

"ಮುಖ ಇಳಿದಿದೆ ಅಂತ ನಿನಗೆ ಮೊದಲು ಹೇಳಿದ್ದು ಯಾರು?" ಎಂದು ಕೇಳಿದರು.

ಮಗಳು ನನ್ನ ಕಡೆ ನೋಡಲಿಲ್ಲ. "ಅಮ್ಮ. ಎವ್ರಿ ಸಂಡೇ. ಫಸ್ಟ್ ಥಿಂಗ್. ನಾನು ಕ್ಯಾಮೆರಾ ಆನ್ ಮಾಡೋ ಮುಂಚೆ ಲೈಟ್ ಅಡ್ಜಸ್ಟ್ ಮಾಡ್ತೀನಿ, ಆಂಟಿ. ಆದ್ರೂ ಹೇಳ್ತಾರೆ."

ಅದು ಪ್ರೀತಿಗೆ ಹೇಳುವುದು ಎಂದು ಬಾಯಿ ತೆರೆದೆ. ಡಾಕ್ಟರು ನನ್ನ ಕಡೆ ತಿರುಗದೆಯೇ ಕೈಯೆತ್ತಿ ನಿಲ್ಲಿಸಿದರು.

"ಅಮ್ಮ ನಾಳೆಯಿಂದ ಹೇಳೋದೇ ನಿಲ್ಲಿಸಿದ್ರೆ, ಆಮೇಲೂ ನಿನಗೆ ಇದು ಬೇಕಾ?"

ಮಗಳು ಹಳೆಯ ಫೋಟೋ ಕೈಗೆತ್ತಿಕೊಂಡು ನೋಡಿದಳು. "ಐ ಡೋಂಟ್ ನೋ, ಆಂಟಿ."

"ಗೊತ್ತು ಮಾಡ್ಕೊಂಡು ಬಾ. ಎರಡು ತಿಂಗಳು." ಆಮೇಲೆ ನನಗೆ ಹೇಳಿದರು. "ಈ ಎರಡು ತಿಂಗಳು ನೀವು ಅವಳ ಮುಖದ ಸುದ್ದಿ ಎತ್ತಬಾರದು. ಚೆನ್ನಾಗಿದೆ ಅಂತಲೂ ಹೇಳಬಾರದು."

ನಾಲಿಗೆಗೆ ಔಷಧಿ ಬರೆದ ಚರ್ಮದ ಡಾಕ್ಟರನ್ನು ನಾನು ಅಲ್ಲೇ ನೋಡಿದ್ದು.

ಮೊದಲ ಭಾನುವಾರ ಕಾಲ್ ನಾಲ್ಕು ನಿಮಿಷಕ್ಕೆ ಮುಗಿಯಿತು. ಹವಾಮಾನ ಕೇಳಿದೆ, ಅಡುಗೆ ಕೇಳಿದೆ, ಆಮೇಲೆ ನನ್ನ ಹತ್ತಿರ ಏನೂ ಇರಲಿಲ್ಲ. ಮಗಳ ಜೊತೆ ಇಷ್ಟು ವರ್ಷ ನಾನು ಅವಳ ಮುಖದ ಬಗ್ಗೆ ಬಿಟ್ಟು ಬೇರೇನನ್ನೂ ಮಾತಾಡಿಯೇ ಇರಲಿಲ್ಲವೇ ಎಂದು ನಾಚಿಕೆಯಾಯಿತು. ಎರಡನೇ ವಾರ ಅವಳ ಕೆಲಸ ಏನು ಎಂದು ಸರಿಯಾಗಿ ಕೇಳಿ ತಿಳಿದುಕೊಂಡೆ. ಮೂರನೇ ವಾರ, ಓಡುವುದು ಶುರು ಮಾಡಿದ್ದು ಯಾಕೆ ಎಂದು ಕೇಳಿದೆ. ಆಗ ಅವಳು ಹೇಳಿದಳು. ಕೊರೊನಾ ವರ್ಷ ರೂಮ್‌ಮೇಟ್ ಊರಿಗೆ ಹೊರಟುಹೋದ ಮೇಲೆ ಅವಳೊಬ್ಬಳೇ ಆ ಅಪಾರ್ಟ್‌ಮೆಂಟಿನಲ್ಲಿ ಇದ್ದಳು. ದಿನಗಟ್ಟಲೆ ಎದುರಿಗೆ ಒಬ್ಬ ಮನುಷ್ಯನ ದನಿಯೂ ಕೇಳುತ್ತಿರಲಿಲ್ಲವಂತೆ. ಬೆಳಗ್ಗೆ ಏಳಲು ಕಾರಣವೇ ಇಲ್ಲ ಅನಿಸತೊಡಗಿತ್ತಂತೆ. ಓಡಲು ಹೋದರೆ ದಾರಿಯಲ್ಲಿ ಯಾರಾದರೂ ಕೈ ಬೀಸುತ್ತಿದ್ದರು, ಅದಕ್ಕೇ ಎದ್ದು ಶೂ ಹಾಕಿಕೊಳ್ಳುತ್ತಿದ್ದಳಂತೆ. ನಮಗೆ ಯಾಕೆ ಹೇಳಲಿಲ್ಲ ಎಂದೆ. ನೀವು ವರಿ ಮಾಡ್ತೀರ ಅಂತ ಎಂದಳು.

ಫೋನಿಟ್ಟು ಅಡುಗೆಮನೆಯಲ್ಲಿ ನಿಂತು ಅತ್ತೆ. ಮಗಳನ್ನು ಉಳಿಸಿಕೊಟ್ಟ ಓಟವನ್ನು ನಾನು ಮೂರು ವರ್ಷ ಅವಳ ಕೆನ್ನೆ ತಿಂದದ್ದೆಂದು ಬೈದಿದ್ದೆ.

ಎರಡು ತಿಂಗಳು ಕಳೆದ ಮೇಲೆ ಅವಳು ಬಂದಳು. ಈಗ ಬೇಡ ಎನ್ನುತ್ತಾಳೆ ಎಂದು ನನಗೆ ಒಳಗೊಳಗೇ ಖಾತ್ರಿಯಾಗಿತ್ತು. ಡಾಕ್ಟರ ಉಪಾಯವೇ ಅದು ಎಂದು ನಂಬಿದ್ದೆ. ಡಾಕ್ಟರು ಹಿಂದಿನ ಪ್ರಶ್ನೆಯನ್ನೇ ಮತ್ತೆ ಕೇಳಿದರು.

"ಗೊತ್ತಾಯ್ತು ಆಂಟಿ. ಬೇಕು. ಸ್ವಲ್ಪ ಸಾಕು. ನಾನು ಓಡೋದು ನಿಲ್ಲಿಸಲ್ಲ."

"ಸರಿ" ಎಂದು ಕೈ ತೊಳೆಯಲು ಎದ್ದರು.

ನಾನು ಅವರ ಹಿಂದೆಯೇ ಸಿಂಕಿನವರೆಗೂ ಹೋದೆ. ಸಿಟ್ಟು ಬಂದಿತ್ತು, ಮೋಸ ಹೋದ ಹಾಗಾಗಿತ್ತು. ನೀವು ಬೇಡ ಅನ್ನುತ್ತೀರಿ ಎಂದುಕೊಂಡಿದ್ದೆ ಎಂದೆ. ಅವರು ನೀರು ನಿಲ್ಲಿಸದೆಯೇ ಹೇಳಿದರು. "ಅವಳಿಗೆ ಏನು ಬೇಕು ಅಂತ ಅವಳಿಗೆ ಗೊತ್ತಾಗಿದೆ. ನಿಮಗೆ ಇನ್ನೇನ್ರೀ ಬೇಕು?" ಮುಂದಿನ ಮೇಜಿಗೆ ಹೋಗಿ ಫಾರ್ಮ್ ತಂದು, ನನ್ನ ಮಗಳಿಂದಲೂ ಸಹಿ ಹಾಕಿಸಿಕೊಂಡೆ.

ಕರಗಿಸಬಹುದಾದ ಜೆಲ್‌ನಲ್ಲೇ ಮಾಡಿದರು. ಒಂದು ಹನಿ, ನಿಂತು ನೋಡುವುದು, ಇನ್ನೊಂದು ಹನಿ. ನಾನು ಮಗಳ ಪಾದದ ಹತ್ತಿರ ನಿಂತು ಡಾಕ್ಟರ ಬೆರಳುಗಳನ್ನೇ ನೋಡುತ್ತಿದ್ದೆ. ಆ ಬೆರಳುಗಳನ್ನು ಅಷ್ಟು ನಂಬಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಡಾಕ್ಟರು ಅವಳ ಕೈಗೆ ಕನ್ನಡಿ ಕೊಟ್ಟು, ಕೈಗವಸು ಬಿಚ್ಚುತ್ತ ಬೆನ್ನು ತಿರುಗಿಸಿದರು.

ಮಗಳು ಕನ್ನಡಿ ನೋಡುವ ಮೊದಲು ನನ್ನನ್ನು ನೋಡಿದಳು. "ಅಮ್ಮ, ಹೇಗಿದೆ?"

ಎರಡು ತಿಂಗಳು ಮುಗಿದಿತ್ತು, ಹೇಳಬಹುದಿತ್ತು. ನಿಜ ಹೇಳಬೇಕೆಂದರೆ ನನಗೆ ದೊಡ್ಡ ವ್ಯತ್ಯಾಸವೇ ಕಾಣಲಿಲ್ಲ. ಚೆನ್ನಾಗಿದ್ದೀಯ ಎನ್ನುವ ಮಾತು ತುಟಿಗೆ ಬಂದಿತ್ತು. ಡಾಕ್ಟರ ಬೆನ್ನು ನೋಡಿದೆ. ಅವರು ತಿರುಗಲಿಲ್ಲ.

"ನೀನೇ ನೋಡಿ ಹೇಳು" ಎಂದೆ.

ಅವಳು ಕನ್ನಡಿ ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ನನ್ನ ಮಾತಿಗೆಲ್ಲ ಇಂಗ್ಲಿಷ್ ಬೆರೆಸಿ ಉತ್ತರ ಕೊಡುವ ಹುಡುಗಿ, ತನ್ನ ಅಮೆರಿಕದ ಕನ್ನಡದಲ್ಲಿ ನಿಧಾನವಾಗಿ, "ನಾನು ಚೆನ್ನಾಗಿದೀನಿ" ಎಂದಳು.

ಡಾಕ್ಟರು ಬಟ್ಟೆಯಲ್ಲಿ ಸುತ್ತಿದ ಐಸ್‌ಪ್ಯಾಕನ್ನು ನರ್ಸಿಗೆ ಕೊಡದೆ ನನ್ನ ಕೈಗೆ ಕೊಟ್ಟರು. ಹತ್ತು ನಿಮಿಷ ಹಿಡೀರಿ, ಒತ್ತಬೇಡಿ ಎಂದು ಹೇಳಿ ಮುಂದಿನವರನ್ನು ನೋಡಲು ಹೋದರು. ಮಗಳು ಕಣ್ಣು ಮುಚ್ಚಿ ಮುಖವನ್ನು ನನ್ನ ಕಡೆಗೆ ಒಡ್ಡಿದಳು. ಆ ಕೆನ್ನೆಯ ಬಗ್ಗೆ ಅಷ್ಟು ವರ್ಷ ಮಾತಾಡಿದ್ದ ನಾನು ಅದನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ. ಹತ್ತು ನಿಮಿಷವೂ ಹಿಡಿದು ನಿಂತೆ, ಒತ್ತಲಿಲ್ಲ.